ವಜಾಬಾಕಿ

ವಾಘೋಲಿಯಲ್ಲಿ, ಹದಿನಾಲ್ಕು ಮಜಲಿನ ಬುಡದಲ್ಲಿ,
ಸಾರುವೆಯ ಅಡ್ಡಬೊಂಬಿಗೆ
ಅವ್ವ ತಕ್ಕಡಿ ತೂಗುಹಾಕುತ್ತಾಳೆ.
ಬಟವಾಡೆಯ ಮಾರನೇ ದಿನ, ಐತವಾರ,
ಗಂಡಸರು ಇನ್ನೂ ಎದ್ದಿಲ್ಲ.
ತಗಡಿನ ಶೆಡ್ಡುಗಳಿಂದ ಹೆಂಗಸರು ಬರುತ್ತಾರೆ,
ಸುರಪುರದವರು, ದೇವದುರ್ಗದವರು,
ಉಗುರಿನ ಸಂದಿಗೆ ಸಿಮೆಂಟು, ಬಗಲಿಗೆ ಕೂಸು.

ತಕ್ಕಡಿಗೆ ಗಡಿಯಾರದ ಮುಖ,
ಕೆಳಗೆ ಕೊಕ್ಕೆ, ಕೊಕ್ಕೆಗೆ ಎರಡು ತೂತಿನ ನೀಲಿ ಚೀಲ.
ಕಾಲು ತೂರಿಸಿ ಕೈಬಿಟ್ಟರೆ ಕೂಸು ಗಾಳಿಯಲ್ಲಿ.
ಹೆಚ್ಚಿನವು ಚೀರುತ್ತವೆ.
ಕೆಲವು ಸುಮ್ಮನೆ ತೂಗಾಡುತ್ತವೆ. ಅವೇ ನನಗೆ ಭಯ.

"ಆರು ಕಿಲೋ ನೂರು" ಅಂತ ನಾನು ಓದಿದರೆ
"ಇನ್ನೂರು ಕಳಿ" ಅನ್ನುತ್ತಾಳೆ, ಮುಳ್ಳಿನ ಕಡೆ ನೋಡದೆ.
ಐದು ಒಂಬೈನೂರು. ಬರೆಯುತ್ತೇನೆ.
ಖಾಲಿ ಇದ್ದಾಗಲೂ ಅದು ಸೊನ್ನೆಗೆ ಬರುವುದಿಲ್ಲ.
ರವಿವಾರ ಪೇಟೆಯಲ್ಲಿ ಹೊಸದು ಸಿಗುತ್ತದೆ ಅಂದೆ.
"ಇದಕ್ಕೇನ ಧಾಡಿ? ನಿನಗ ವಜಾಬಾಕಿ ಬರೂದಿಲ್ಲೇನು?"

ಮಲಾವಿಯ ತಕ್ಕಡಿ ಇದು.
ಬೆಟಗೇರಿ ಆಸ್ಪತ್ರೆಯ ನರ್ಸು ಕೃಪಾವತಿ
ದೇವಾನಂದ ಹಂಚಿನಮನಿಯ ಕೈಹಿಡಿದು,
ಒಂದು ಟ್ರಂಕು, ಎರಡು ಡಬ್ಬಿ ಗುರೆಳ್ಳ ಚಟ್ನಿ ಹೊತ್ತು,
ಮೂರು ವರ್ಷಕ್ಕೆಂದು ಹೋಗಿ ಹನ್ನೊಂದು ವರ್ಷ ಉಳಿದಳು.
ಅಪ್ಪ ಹೋದದ್ದು ಉಪದೇಶಕ್ಕೆ.
ಕೈಪಂಪಿನ ವಾಶರು ಬದಲಿಸುವುದರಲ್ಲೇ
ಅವನ ಬಹುಪಾಲು ಸುವಾರ್ತೆ ಮುಗಿಯಿತು.
ಅಲ್ಲಿ ಮಾವಿನ ಕೊಂಬೆಗೆ ತಕ್ಕಡಿ,
ಅಮಾಯಿ, ಅಮಾಯಿ ಎಂದು ಸಾಲು ಹೊಳೆಯ ತನಕ.
"ಗೋವಿನಜೋಳದ ಗಂಜಿಗೆ ಶೇಂಗಾ ಕುಟ್ಟಿ ಹಾಕಲು
ನನ್ನ ಹೆಂಡತಿ ಕಲಿಸಿದಳು" ಎಂದು
ಅಪ್ಪ ಮಿಶನ್ನಿಗೆ ವರದಿ ಬರೆದನಂತೆ.
"ಕಲಿಸಿದ್ದು ಅವರು, ನನಗ."
ಅವ್ವ ಆ ಸಾಲು ಹೊಡೆದುಹಾಕಿಸಿದಳು.

ನನಗೆ ನೆನಪಿರುವುದು ಕಡಿಮೆ.
ಕೆಂಪು ಧೂಳು. ಲಸಿಕೆ ಇಡುವ ಫ್ರಿಜ್ಜಿನ ಸೀಮೆಎಣ್ಣೆ ವಾಸನೆ.
ತಮ್ಮ ತಿಮೊಥಿ, ಎಲ್ಲರ ಬಾಯಲ್ಲಿ ತಿಮ್ಮ,
ಮಾವಿನ ಓಟೆಗೆ ಅರಿವೆ ಸುತ್ತಿ ಜೋಗುಳ ಹಾಡಿದ್ದು.

ಹೋದ ವರ್ಷ, ಅಪ್ಪನ ಮಣ್ಣಾದ ಮೇಲೆ,
ಟ್ರಂಕಿನಲ್ಲಿ ಅಲ್ಲಿನ ವಹಿ ಸಿಕ್ಕಿತು.
ತಂಡಿವೆ, ಮಫಾತ್ಸೊ, ನಾಲ್ಕು ಜನ ಚಿಸೋಮೊ.
ಚಿಸೋಮೊ ಅಂದರೆ ಕೃಪೆ,
ಯಾರ ಹೆಸರು ಯಾರಿಗೆ ಇಟ್ಟರೋ ಕೇಳಲಿಲ್ಲ.
ನಡುವೆ, ಕನ್ನಡದಲ್ಲಿ, ಒಂದೇ ಒಂದು: ತಿಮ್ಮ.
ಹನ್ನೊಂದು ಮುನ್ನೂರು.
ಹನ್ನೊಂದು ನೂರು.
ಒಂಬತ್ತು ಎಂಟುನೂರು.
ಮುಂದಿನ ಮಂಗಳವಾರ ಆ ಮನೆ ಖಾಲಿ.
ಅದೇ ಮಂಗಳವಾರ, ಅದೇ ದುಂಡು ಅಕ್ಷರದಲ್ಲಿ,
ಉಳಿದ ಮೂವತ್ತೆರಡೂ ಮನೆ ತುಂಬಿವೆ.

ವಹಿಯನ್ನು ಇದ್ದಲ್ಲೇ ಇಟ್ಟೆ.
ಆ ವಾರದಿಂದ ಅವಳ ಜೊತೆ ಬರುತ್ತಿದ್ದೇನೆ.
ಅದಕ್ಕೂ ಮೊದಲು, ನಿಜ ಹೇಳಬೇಕೆಂದರೆ,
ಬಸ್ಸಿನಲ್ಲಿ ಈ ಚೀಲ ಹಿಡಿಯಲು ನಾಚುತ್ತಿದ್ದೆ.

ಸುಪರ್ವೈಸರ್ ಪಾಯಗುಡೆ ಬಂದು ನಿಂತ.
ಏನು ಹಂಚ್ತೀರಿ ಬಾಯಿ, ಧರ್ಮ ಬದಲಾಯಿಸ್ತೀರಾ?
ಅವ್ವನ ಮರಾಠಿ ಇನ್ನೂ ಬೆಟಗೇರಿಯದೇ:
"ಮೊದಲ ತೂಕ ಬದಲಾಗಲಿ ಸಾಹೇಬ್ರ."
ಅವನ ಕೈಗೂ ಒಂದು ಹಿಡಿ ಶೇಂಗಾ ಹಾಕಿದಳು.
ನಿಂತಲ್ಲೇ ತಿಂದ, ಸಿಪ್ಪೆ ಜೇಬಿಗಿಟ್ಟುಕೊಂಡ.

ಕೊನೆಗೆ ಬಂದವಳು ದುರುಗವ್ವ.
ಚೀಲದಲ್ಲಿ ಅವಳ ಕೂಸು ಸುಮ್ಮನಿತ್ತು.
"ನಾಕು ನಾನೂರು" ಅಂದೆ, ಅಲ್ಲ, ನಾಕು ಇನ್ನೂರು.
ಹೆಸರು?
"ಇನ್ನೂ ಇಟ್ಟಿಲ್ರಿ. ಊರಿಗೆ ಹೋದಮ್ಯಾಲ."
"ತೂಕ ಬರಿ," ಅಂದಳು ಅವ್ವ, "ಹೆಸರಿನ ಜಾಗಾ ಬಿಡು."
ಬಿಟ್ಟೆ.
ಮೇಲೆ ಯಾರೋ ಸ್ಲ್ಯಾಬಿಗೆ ನೀರು ಹೊಯ್ದರು.
ಸಾರುವೆಯ ಸಂದಿಯಿಂದ ತಣ್ಣಗೆ ಇಳಿದು
ಕೂಸಿನ ನೆತ್ತಿಗೆ ಬಿತ್ತು, ಅದು ಬೆಚ್ಚಿ,
ಮುಷ್ಟಿ ಕಟ್ಟಿ, ಇಡೀ ಬಿಲ್ಡಿಂಗಿಗೆ ಕೇಳುವಂತೆ
ಚೀರಿತು.
ದುರುಗವ್ವ ಮೇಲಿನವನಿಗೆ ಬೈಯತೊಡಗಿದಳು.
ಅವ್ವ ನಗುತ್ತಿದ್ದಳು,
ತುಂಬಾ ಹೊತ್ತು,
ತಕ್ಕಡಿ ಹಿಡಿದುಕೊಂಡು.