ಮಂಜಿನ ತೂಕ ಕಳೆದು

ಬಂದರಿನ ತೂಕದ ಮನೆಯಲ್ಲಿ ಹನ್ನೊಂದು ವರ್ಷ ಕೂತವಳು ನಾನು.
ಮೀನಿನ ತೊಟ್ಟಿ ಬಂದರೆ
ತೊಟ್ಟಿಯ ತೂಕ ಕಳೆದು, ಮಂಜುಗಡ್ಡೆಯ ತೂಕ ಕಳೆದು
ಉಳಿದದ್ದನ್ನು ಬರೆದು ಸಹಿ ಹಾಕುವವಳು.
ದೋಣಿಯವರು ಎಷ್ಟೇ ಗೊಣಗಲಿ, ನಾನು ಬರೆದದ್ದೇ ಅಂಕಿ.

ಈಗ ಅಂಥದೇ ನೀಲಿ ರಟ್ಟಿನ ಪುಸ್ತಕದಲ್ಲಿ
ನಿದ್ದೆ ಬರೆಯುತ್ತಿದ್ದೇನೆ.

ಒಂಬತ್ತನೆಯ ದಿನ.
ನಲವತ್ತು ನಿಮಿಷ. ಎರಡು ಗಂಟೆ ಹತ್ತು. ಮತ್ತೆ ಹದಿನೈದು ನಿಮಿಷ,
ಅದನ್ನು ನಿದ್ದೆ ಅನ್ನಲೋ
ತೊಟ್ಟು ಬಾಯಲ್ಲಿಟ್ಟುಕೊಂಡು ಸುಮ್ಮನಾದದ್ದು ಅನ್ನಲೋ ತಿಳಿಯದೆ
ಪಕ್ಕದಲ್ಲೊಂದು ಚುಕ್ಕೆ.
ಎಲ್ಲ ಕೂಡಿಸಿದರೆ ಹದಿನಾರೂವರೆ.
ಹದಿನಾರೂವರೆ ಗಂಟೆ ಮಲಗುವ ಜೀವದ ಪಕ್ಕದಲ್ಲೇ ಇದ್ದೂ
ನನಗೇಕೆ ಕಣ್ಣಿಗೆ ಕಣ್ಣು ಹತ್ತಿಲ್ಲ?
ಎಲ್ಲೋ ಲೆಕ್ಕ ತಪ್ಪಿದೆ. ಕೆಳಗಿನಿಂದ ಮೇಲಕ್ಕೆ ಕೂಡಿಸಿದೆ.
ತಪ್ಪಿಲ್ಲ.

ಕಿಟಕಿಯನ್ನು ಕೇಳಿ ಪ್ರಯೋಜನವಿಲ್ಲ.
ಈಸಾಫ್ಯೋರ್ದುರಿನಲ್ಲಿ ನವೆಂಬರ್ ಕೊನೆಗೆ ಬೆಟ್ಟದ ಹಿಂದೆ ಸರಿದ ಸೂರ್ಯ
ಜನವರಿ ಇಪ್ಪತ್ತೈದರವರೆಗೆ ಮುಖ ತೋರಿಸುವುದಿಲ್ಲ.
ನಡುಹಗಲೆಂದರೆ ಹಾಲಿನ ಪಾತ್ರೆ ತೊಳೆದ ನೀರಿನ ಬಣ್ಣ, ಒಂದಿಷ್ಟು ಹೊತ್ತು.
ಆಮೇಲೆ ದೀಪ.
ಎಳೆಗೂಸಿಗೆ ಹಗಲು ರಾತ್ರಿ ತಿಳಿಯದು ಅನ್ನುತ್ತಾರೆ ಬಂದವರೆಲ್ಲ.
ನನಗೆ ತಿಳಿಯುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ಹಾಲ್ವಾರ್ದುರ್ ಕಡಲಲ್ಲಿದ್ದಾನೆ,
ಆರು ಗಂಟೆ ದುಡಿ, ಆರು ಗಂಟೆ ಉರುಳು ಎನ್ನುವ ಪಾಳಿ.
ಫೋನಿನಲ್ಲಿ, ಗಾಳಿಯ ಸಂದಿನಿಂದ: ಮಲಗ್ತಾಳಾ?
ಮಲಗ್ತಾಳೆ. ಚೂರುಚೂರಾಗಿ.
ಹಾಗಾದರೆ ನಮ್ಮವಳೇ, ಅಂದ. ಅದೇನು ಹೆಮ್ಮೆ!

ಸೂಲಗಿತ್ತಿಗೆ ನಮ್ಮಲ್ಲಿ ಬೆಳಕಿನ ತಾಯಿ ಎಂದು ಹೆಸರು.
ಬೆಳಕಿನ ತಾಯಿ ತೋರ್ಕಾಟ್ಲಾ ಬೂಟಿನ ಹಿಮ ಕೊಡವಿ ಒಳಬಂದಳು,
ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಕೂಸನ್ನು ಜೋಲಿಯ ತಕ್ಕಡಿಗೆ ಹಾಕಿದಳು.
ಬಟ್ಟೆಯ ತೂಕ ಕಳೆದಿರಾ? ಕೇಳಿಯೇಬಿಟ್ಟೆ.
ಅವಳು ನಕ್ಕ ರಭಸಕ್ಕೆ ಮುಳ್ಳು ಅಲ್ಲಾಡಿತು.
ಪುಸ್ತಕ ತಿರುವಿಹಾಕಿ ಹೇಳಿದಳು:
ಹದಿನಾಲ್ಕಾದರೂ ಸರಿ, ಹದಿನೇಳಾದರೂ ಸರಿ,
ಹದಿನೆಂಟು ಮಲಗಿದವರನ್ನೂ ಈ ಕೈ ಎತ್ತಿದೆ.
ಹೊಟ್ಟೆ ಇರುವುದೇ ಅಕ್ರೋಟಿನಷ್ಟು, ಎರಡು ಮೂರು ಗಂಟೆಗೆ ಬರಿದು,
ಬರಿದಾದದ್ದು ಕೂಗದೆ ಇದ್ದೀತೇ?
ಹುಟ್ಟಿದ ತೂಕ ಮರಳಿ ಬಂದಿದೆ. ಇನ್ನು ನೀನಾಗಿ ಎಬ್ಬಿಸಬೇಡ.

ಆ ರಾತ್ರಿ ನಾನು ಎಬ್ಬಿಸಲಿಲ್ಲ. ಅವಳೂ ಏಳಲಿಲ್ಲ.
ಮೂರು ಗಂಟೆ. ಮೂರೂಮುಕ್ಕಾಲು.
ಅಂಗಿ ಹಾಲಿಗೆ ತೊಯ್ದು ಎಚ್ಚರಾದವಳು ತೊಟ್ಟಿಲಿಗೆ ಬಾಗಿದೆ.
ಉಸಿರು. ಉಸಿರು. ಉಸಿರು ಉಸಿರು.
ನಿಂತಿತು.
ಒಂದು, ಎರಡು, ಮೂರು,
ಬಂದರಿನಲ್ಲಿ ಯಾವುದೋ ಹಗ್ಗ ಕಂಬಕ್ಕೆ ಉಜ್ಜುತ್ತಿತ್ತು,
ಐದು, ಆರು,
ಏಳು.
ಆಮೇಲೆ ಮುದುಕಿಯ ಹಾಗೊಂದು ನಿಟ್ಟುಸಿರು, ಮತ್ತೆ ಶುರು.
ಹೀಗೂ ಉಂಟು, ಹತ್ತರೊಳಗಿದ್ದರೆ ಹೆದರಬೇಡ ಎಂದು ತೋರ್ಕಾಟ್ಲಾ ಹೇಳಿದ್ದಳು.
ಹೇಳಿದ್ದು ನೆನಪಿಗೆ ಬಂದದ್ದು ಎಂಟರ ಮೇಲೆ.

ನಿದ್ದೆಗಾಗಿ ಹರಕೆ ಹೊರುವುದೊಂದು ಬಾಕಿಯಿತ್ತು.
ಬಂದ ನಿದ್ದೆಯನ್ನು ಕಾಯುತ್ತ ಕೂತೆ, ಬೆಳಗಿನವರೆಗೆ,
ಬೆಳಗು ಎಂಬುದು ಇದ್ದಿದ್ದರೆ.
ನಾಲ್ಕು ಗಂಟೆ ಹತ್ತು ನಿಮಿಷ ಎಂದು ಬರೆದೆ.
ಆ ಏಳು ಸೆಕೆಂಡನ್ನು ಎಲ್ಲಿ ಬರೆಯಲಿ?
ಮಂಜುಗಡ್ಡೆಯ ಹಾಗೆ ಕಳೆಯಲೇ?
ತಕ್ಕಡಿಯ ಮೇಲೆ ಅದೊಂದೇ ಇತ್ತಲ್ಲ.

ಇಪ್ಪತ್ತೈದರಂದು ಸೂರ್ಯ ಬಂದ.
ಬೆಟ್ಟದ ಅಂಚಿಗೆ ಗಲ್ಲ ಊರಿ, ಕೆಲವೇ ನಿಮಿಷ.
ಬೀದಿಗೆ ಬೀದಿಯೇ ಹೊರಗೆ, ಕಾಫಿ ಬಟ್ಟಲು ಹಿಡಿದು.
ಪಕ್ಕದ ಮನೆಯ ಗುದ್‌ಫಿನ್ನಾ ಕೆನೆ ಸುತ್ತಿದ ಪ್ಯಾನ್‌ಕೇಕ್ ತಂದಳು.
ಉಣ್ಣೆಯೊಳಗೆ ಹುದುಗಿ ಗಾಡಿಯಲ್ಲಿ ಮಲಗಿದ್ದವಳ ರೆಪ್ಪೆಯ ಮೇಲೆ
ಬೆಳಕು ಹಾದುಹೋಯಿತು.
ಮೂಗು ಸುಕ್ಕಿಸಿದಳು. ಏಳಲಿಲ್ಲ.
ಇನ್ನೂ ಹೆಸರಿಟ್ಟಿಲ್ಲ ಅವಳಿಗೆ, ಪುಸ್ತಕದ ಮೇಲೆ ಬರೀ ಹುಡುಗಿ ಎಂದಿದೆ.

ಆ ದಿನದ ಪುಟ ಖಾಲಿ.
ಬರೆಯುವವಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ
ಬಾಯಿ ತೆರೆದು ಮಲಗಿಬಿಟ್ಟಿದ್ದಳಂತೆ.
ಎಷ್ಟು ಹೊತ್ತು ಎಂದರೆ
ಗುದ್‌ಫಿನ್ನಾ ಭುಜ ಹಾರಿಸುತ್ತಾಳೆ.