ಬಾಯ್ಲರ್ ಖಾತೆ

ಮಿಷಿಗನ್ನಿನ ಝೀಲ್ಯಾಂಡಿನಲ್ಲಿ ನಮ್ಮ ಶಾಲೆಯ ಬಾಯ್ಲರು
ನನಗಿಂತ ಹನ್ನೊಂದು ವರ್ಷ ಹಿರಿಯದು.
ಜನವರಿಯಲ್ಲಿ ಕೆಮ್ಮು, ಫೆಬ್ರವರಿಯಲ್ಲಿ ಮುನಿಸು.
ಮೂರನೇ ತರಗತಿಯವರು ಕೋಟು ಬಿಚ್ಚದೆ ಮಗ್ಗಿ ಹೇಳುತ್ತಾರೆ,
ಏಳೇಳು ನಲವತ್ತೊಂಬತ್ತು, ಏಳೆಂಟು ಐವತ್ತಾರು,
ಒಂದೊಂದು ಉತ್ತರಕ್ಕೂ ಒಂದೊಂದು ಹಬೆಯ ಮೋಡ.

ಹೊಸದಕ್ಕೆ ಎಂಬತ್ತನಾಲ್ಕು ಸಾವಿರ ಡಾಲರು.
ಸರಕಾರ ಕೊಡುವುದಿಲ್ಲ, ನಾವು ಕೇಳುವುದೂ ಇಲ್ಲ.
ಫೀಜು ಏರಿಸಿದರೆ ಡೈಕ್‌ಹೌಸರ ನಾಲ್ಕು ಮಕ್ಕಳೂ
ಹಳದಿ ಬಸ್ಸು ಹತ್ತಿ ಬೇರೆ ಶಾಲೆಗೆ ಹೋಗುತ್ತಾರೆ.
ಹೆಸರು ಹೇಳದೆ ಇದನ್ನು ಆಡಳಿತ ಸಭೆಗೆ ತಿಳಿಸಿದೆ.
ಎಲ್ಲರೂ ತಲೆದೂಗಿದರು, ಪ್ರಾರ್ಥಿಸಿದರು,
ಕೊನೆಗೆ ಪ್ರತಿ ವರ್ಷದ ತೀರ್ಮಾನವೇ:
ಹರಾಜು.

ಜಿಮ್ಮಿನಲ್ಲಿ ಬ್ಯಾಸ್ಕೆಟ್‌ಬಾಲಿನ ಬಳೆಗೆ ಕೌದಿ ತೂಗುಹಾಕಿದ್ದರು.
ಕೌದಿಯೇ ಅದು, ಅವರು ಏನಾದರೂ ಕರೆಯಲಿ,
ಹಳೆ ಅಂಗಿಗಳ ಹೊಸ ನೆಂಟಸ್ತಿಕೆ.
ಬಟಾಣಿ ಸಾರಿನ ಹಂಡೆ, ಹೊರಗೆ ಟ್ರಕ್ಕಿನಲ್ಲಿ ಒಂದು ಕರು,
ಹಲ್ಲು ತೊಳೆಸಿಕೊಳ್ಳಲು ದಂತವೈದ್ಯರು ಕೊಟ್ಟ ಚೀಟಿ.
ವೆರ್ಲಿನ್ ಬುಸ್ಕೂಲನ ಬಾಯಲ್ಲಿ
ಕಾದ ಮರಳಿನಲ್ಲಿ ಕಡಲೆ ಸಿಡಿಯುವ ಸದ್ದು.

ಮುಲ್ಕಿಯ ಚರ್ಚಿನಂಗಳದಲ್ಲಿ ಬೆಳೆ ಹಬ್ಬದ ದಿನ
ಸಾಲಿನ್ಸ್ ಮಾಮ ಹೀಗೆಯೇ ಕೂಗುತ್ತಿದ್ದರು,
ಕುಂಬಳಕಾಯಿ ಒಂದನೇ ಸಲ, ಎರಡನೇ ಸಲ...
ಒಮ್ಮೆ ಮಾರಾಟವಾದ ಕೋಳಿ ಕಟ್ಟು ಬಿಡಿಸಿಕೊಂಡು
ಸೀದಾ ಪೀಠದ ಮೇಲೆ ಕೂತಿತ್ತು.
ಇಲ್ಲಿ ಎಲ್ಲಕ್ಕೂ ಚೀಟಿ, ಚೀಟಿಗೆ ನಂಬರು,
ನಂಬರಿಗೆ ನಾನು.

ಅರವತ್ತೊಂದನೆಯದು ಹರ್ಮಿನಾ ಅಜ್ಜಿಯ ಒಣದ್ರಾಕ್ಷಿ ರೊಟ್ಟಿ.
ತೊಂಬತ್ತರ ಕೈ, ಒಂದು ಮಗ್ಗುಲು ತುಸು ಸೀದಿತ್ತು.
ಗೆರಿಟ್ ಹುಕ್ಸೆಮಾ, ಹಂದಿ ಸಾಕುವವ, ಮಾತು ಕಡಿಮೆ,
ಇನ್ನೂರಕ್ಕೆ ಕೊಂಡ. ಕೊಂಡವನೇ
ತಟ್ಟೆಯನ್ನು ತಿರುಗಿ ಮೇಜಿನ ಮೇಲಿಟ್ಟ:
'ಇನ್ನೊಮ್ಮೆ ಮಾರು.'
ಟೈರು ಅಂಗಡಿಯ ಗಂಡ ಹೆಂಡತಿ, ಮುನ್ನೂರು. ಇನ್ನೊಮ್ಮೆ.
ಹಳೆ ವಿದ್ಯಾರ್ಥಿಗಳ ಒಂದು ಬೆಂಚು, ನಾನೂರೈವತ್ತು. ಇನ್ನೊಮ್ಮೆ.
ಹಿಂದಿನಿಂದ ಯಾರೋ, ಮುಖ ಕಾಣಲಿಲ್ಲ, ಸಾವಿರ.
ನನ್ನ ಪೆನ್ನು ನಿಂತಿತು.
ಒಂದು ರೊಟ್ಟಿಗೆ ನಾಲ್ಕು ರಸೀದಿ.
ಆಡಿಟರಿಗೆ ಏನಂತ ಬರೆಯಲಿ?

ಪಾಸ್ಟರು ನಕ್ಕರು, 'ಐದು ರೊಟ್ಟಿ ಎರಡು ಮೀನು ಮರೆತೆಯಾ?'
ಮರೆತಿಲ್ಲ. ಮಿಕ್ಕ ಹನ್ನೆರಡು ಪುಟ್ಟಿ
ಯಾರ ಖಾತೆಗೆ ಹೋಯಿತು ಎನ್ನುವುದು
ನಾಲ್ಕು ಸುವಾರ್ತೆಗಳಲ್ಲೂ ನನಗೆ ಸಿಕ್ಕಿಲ್ಲ.

ಐದನೇ ಸಲ ಜನೆಲ್ ಡೈಕ್‌ಹೌಸ್ ಕೈಯೆತ್ತಿದಳು.
'ಹನ್ನೆರಡು ಡಾಲರು.'
ಸಾರಿನ ಸೌಟು ಹಂಡೆಗೆ ತಾಗಿದ್ದು ಕೇಳಿಸಿತು.
ವೆರ್ಲಿನ್ ಒಂದು, ಎರಡು ಎಣಿಸಲಿಲ್ಲ,
ಸುತ್ತಿಗೆ ತಾನಾಗಿ ಬಿದ್ದಂತೆ ಬಿತ್ತು.
ಅವಳು ತಟ್ಟೆಯನ್ನು ತಿರುಗಿ ಮೇಜಿಗಿಡಲಿಲ್ಲ.
ಕರವಸ್ತ್ರ ಮುಚ್ಚಿ, ಚಿಲ್ಲರೆ ಎಣಿಸಿ ನನ್ನ ಮುಂದಿಟ್ಟು,
'ರಸೀದಿ ಕೊಡಿ' ಎಂದಳು, ತಲೆ ತಗ್ಗಿಸದೆ.
ಅವಳ ಬಾಕಿಯ ಕಡತ ನನ್ನ ಕಪಾಟಿನಲ್ಲಿದೆ,
ಮೇಲಿನಿಂದ ಎರಡನೇ ಖಾನೆ.
ಸಹಿ ಮಾಡುವಾಗ ನನ್ನ ತಲೆಯೇ ತಗ್ಗಿತ್ತು.

ರಾತ್ರಿ ಕುರ್ಚಿಗಳನ್ನು ಮಡಚಿಟ್ಟ ಮೇಲೆ ಕೂಡಿಸಿದೆ.
ಮೂವತ್ತೊಂದು ಸಾವಿರದ ನಾನೂರ ಆರು.
ಬಾಕಿ, ಐವತ್ತೆರಡು ಸಾವಿರದ ಐನೂರ ತೊಂಬತ್ತನಾಲ್ಕು.
ಹನಿ ಕೂಡಿದೆ, ಹಳ್ಳ ಇನ್ನೂ ದೂರ.
ಅರವತ್ತೊಂದನೇ ನಂಬರಿನ ಎದುರು, ವಿವರದ ಕಾಲಮಿನಲ್ಲಿ
ನಾಲ್ಕು ಸಾಲು 'ರೊಟ್ಟಿ' ಎಂದು ಬರೆದೆ.
ಐದನೆಯದಕ್ಕೆ ತುಸು ಯೋಚಿಸಿ,
'ರೊಟ್ಟಿ, ಮನೆಗೆ ಹೋಯಿತು.'

ನೆಲಮಾಳಿಗೆಯಲ್ಲಿ ಮುದುಕ ಒಮ್ಮೆ ಕೆಮ್ಮಿದ.
ಕೋಟಿನ ಗುಂಡಿ ಹಾಕಿಕೊಂಡು
ದೀಪ ಆರಿಸಿದೆ.