ಎತ್ತಿದ ಕೈ

ಮೂಳೆ ಮುರಿದ ಸದ್ದು ನನಗೆ ಕೇಳಿಸಲೇ ಇಲ್ಲ.
ಉಳಿದವರಿಗೆ ಕೇಳಿಸಿತು. ಯಾರೋ ಒಣಸೌದೆ ಮುರಿದರು
ಅಂದುಕೊಂಡರಂತೆ. ರೊಟ್ಟಿ ಸುಡುವ ಮನೆ,
ಸೌದೆಯಲ್ಲದೆ ಇನ್ನೇನು ಮುರಿದೀತು ಅಲ್ಲಿ?
ನಾನು ಮಾತ್ರ ಹಿಟ್ಟಿನ ಹಲಗೆಯ ಮೇಲೆ ಬಿದ್ದಿದ್ದ ತೋಳನ್ನು
ಗಿರಾಕಿ ಮರೆತು ಹೋದ ಸಾಮಾನಿನಂತೆ ನೋಡಿದೆ.

ಸಾಮ್ಟ್ರೇಡಿಯಾದಲ್ಲಿ ಹಳಿ ಕವಲೊಡೆಯುತ್ತದೆ,
ಒಂದು ಬಟುಮಿಯ ಕಡೆಗೆ, ಒಂದು ಪೋಟಿಯ ಬಂದರಿಗೆ.
ನಡುವಿನ ಸಂದಿಯಲ್ಲಿ ನನ್ನ ತೋನೆ,
ನೆಲಕ್ಕಿಳಿದ ಹಗೇವಿನಂಥ ಮಣ್ಣಿನ ಒಲೆ.
ಅದರ ಬಾಯಿಗೆ ಸೊಂಟದವರೆಗೂ ಬಗ್ಗಿ
ಒಳಗೋಡೆಗೆ ಹಸಿ ಹಿಟ್ಟು ಬಡಿದು
ಬೆಂಕಿಗೆ ಗೊತ್ತಾಗುವ ಮೊದಲೇ ಕೈ ಹಿಂತೆಗೆಯುವುದು
ಇಪ್ಪತ್ತು ವರ್ಷದ ಕಸುಬು.
ಈ ತೋಳು ಬಂದದ್ದು ಅಲ್ಲಿಂದ, ಯಾವ ಗರಡಿಯಿಂದಲೂ ಅಲ್ಲ.
ಪಂಜಾ ಕುಸ್ತಿಯಲ್ಲಿ ಲಮ್ಜೀರಾ ಎತ್ತಿದ ಕೈ
ಎನ್ನುತ್ತಿದ್ದರು ಹಳಿ ಕೆಲಸದವರು.

ಗೋಚಾ ವ್ಯಾಗನ್ನುಗಳಿಗೆ ಕೊಂಡಿ ಹಾಕುವವನು.
ಹೆಂಗಸಿಗೆ ಸೋಲಲು ನಾಚದವನು, ಮೂರು ಸಲ ಸೋತಿದ್ದ.
ನಾಲ್ಕನೆಯ ಸಲವೂ ನಾನೇ ಗೆಲ್ಲುತ್ತಿದ್ದೆ.
ಗೆಲ್ಲುವುದನ್ನು ಯಾರು ಯಾರು ನೋಡುತ್ತಿದ್ದಾರೆ ಎಂದು
ಬಾಗಿಲ ಕಡೆ ಮುಖ ತಿರುಗಿಸಿದೆ.
ಮುಖದ ಹಿಂದೆಯೇ ಭುಜ ಹೋಯಿತು.
ಕೈ ಅಲ್ಲೇ ಉಳಿಯಿತು.
ನಡುವೆ ಇದ್ದದ್ದು ಮೂಳೆ,
ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿ ಸೀಳಿತು.

ಕುತಾಯಿಸಿಯ ಡಾಕ್ಟರು ಮಕ್ವಾಲಾ
ಒಂದು ಪಟ್ಟಿ, ಎಂಟು ತಿರುಪು ಹಾಕಿ ಕೂಡಿಸಿದಳು.
"ಮೂಳೆ ಮುಗ್ಧ, ಬೇಗ ಮರೆಯುತ್ತೆ. ನರ ಹಾಗಲ್ಲ" ಅಂದಳು.
ಮೂಳೆಯನ್ನು ಬಳಸಿ ಇಳಿಯುವ ನರ ಜಜ್ಜಿಹೋಗಿತ್ತು.
ಮಣಿಕಟ್ಟು ಜೋತುಬಿತ್ತು, ನೀರು ಕಾಣದ ಸೊಪ್ಪಿನಂತೆ.
ಮುಷ್ಟಿ ಹೇಗೋ ಕಟ್ಟಬಲ್ಲೆ, ಬಿಚ್ಚಲಾರೆ.

ನರ ಚಿಗುರುವುದು ದಿನಕ್ಕೊಂದು ಗಸಗಸೆ ಕಾಳಿನಷ್ಟಂತೆ.
ತೋಳಿನ ನಡುವಿನಿಂದ ಹೆಬ್ಬೆರಳವರೆಗೆ ಎಷ್ಟು ಕಾಳು?
ಒಂದು ರಾತ್ರಿ ಡಬ್ಬಿ ಸುರಿದುಕೊಂಡು
ಎಡಗೈಯಲ್ಲಿ ಸಾಲಾಗಿ ಇಡುತ್ತಾ ಹೋದೆ.
ನೂರ ಎಂಬತ್ತು ದಾಟಿದ ಮೇಲೆ ಸೀನು ಬಂತು.

ಆಸ್ಪತ್ರೆಯಿಂದ ಬಂದ ಮರುದಿನ, ನಸುಕಿನ ನಾಲ್ಕಕ್ಕೆ,
ಗೋಚಾ ಬಾಗಿಲಲ್ಲಿ ನಿಂತಿದ್ದ.
ಕ್ಷಮಿಸು ಅನ್ನಲಿಲ್ಲ. ತೋಳು ಮಡಚಿದ.
ಹದಿನೇಳು ರೊಟ್ಟಿ ಬೂದಿಗೆ ಬಿದ್ದವು.
ಎರಡನೆಯ ದಿನ ಹುಬ್ಬು ಸುಟ್ಟುಕೊಂಡ.
ದೋಣಿಯಾಕಾರಕ್ಕೆ ಎಳೆಯೋ ಅಂದರೆ
ಚಪ್ಪಲಿಯಾಕಾರಕ್ಕೆ ಎಳೆದ.
ಚಪ್ಪಲಿಗೂ ಗಿರಾಕಿ ಸಿಕ್ಕರು, ಆರು ಗಂಟೆಯ ರೈಲಿಗೆ ಹಸಿವು ಜಾಸ್ತಿ.
ನಾನು ಸ್ಟೂಲಿನ ಮೇಲೆ ಕೂತು
ಪಟ್ಟು ಕಟ್ಟಿದ ಕೈಯನ್ನು ಮಡಿಲಲ್ಲಿ
ಬೇರೆಯವರ ಕೂಸಿನಂತೆ ಇಟ್ಟುಕೊಂಡು ಬಯ್ಯುತ್ತಿದ್ದೆ:
ಬೆಂಕಿ ನೋಡಬೇಡ, ನನ್ನ ಮುಖ ನೋಡಬೇಡ,
ಕೈ ನೋಡು, ನಿನ್ನ ಕೈಯನ್ನೇ ನೋಡು!
ಅಂದ ಮೇಲೆ ನನಗೇ ಬಾಯಿ ಕಟ್ಟಿತು.
ಅವನು ಹಿಟ್ಟು ನಾದುತ್ತಲೇ ಇದ್ದ.

ಜೂನಿನಲ್ಲಿ ಮೊಣಕೈ ಬಳಿ ಇರುವೆ ಹರಿದವು.
ಆಗಸ್ಟಿಗೆ ಮುಂಗೈ ಮುಟ್ಟಿದವು,
ದಾರಿ ಬಲ್ಲ ಇರುವೆಗಳು.

ಅಕ್ಟೋಬರಿನ ಒಂದು ಬೆಳಿಗ್ಗೆ ಒಲೆಯಂಚಿಗೆ ಬೆಕ್ಕು ಬಂತು.
ಹೋಗಾಚೆ, ಅಂದೆ, ಯೋಚಿಸದೆ, ಎಂದಿನಂತೆ.
ಮಣಿಕಟ್ಟು ಎದ್ದಿತು.
ಒಂದು ಬೆರಳಿನಷ್ಟು ಎತ್ತರ, ಒಂದು ಉಸಿರಿನಷ್ಟು ಹೊತ್ತು.
ಬೆಕ್ಕು ಕದಲಲಿಲ್ಲ.
ಗೋಚಾ ನೋಡಿದ, ತನ್ನ ಕೈ ಬಿಟ್ಟು ನನ್ನದನ್ನು.
ಗೋಡೆಯ ಮೇಲಿದ್ದ ರೊಟ್ಟಿಯೆಲ್ಲ ಕರಟಿದವು.
ಉಪ್ಪು ಚೀಸಿನ ಜೊತೆ
ಕರಟಿದ್ದನ್ನೇ ಹರಿದು ತಿಂದೆವು.

ಈಗ ಒಂದು ರೊಟ್ಟಿ ಅಂಟಿಸಬಲ್ಲೆ.
ಎರಡನೆಯದಕ್ಕೆ ಕೈ ಸೋಲುತ್ತದೆ. ಮೂರನೆಯದು ಗೋಚಾನದು.
ಒಮ್ಮೊಮ್ಮೆ ಅವನು ಹಲಗೆಯ ಆಚೆ ಬದಿಗೆ
ಮರೆತು ಮೊಣಕೈ ಊರುತ್ತಾನೆ,
ನೆನಪಾಗಿ ತೆಗೆಯುತ್ತಾನೆ.
ತೆಗೆಯಬೇಡವೋ ಮಾರಾಯ, ಇರಲಿ ಅಲ್ಲೇ
ಅಂತ ಇನ್ನೂ ಹೇಳಿಲ್ಲ.